ಬಸದಿ ಟ್ರಸ್ಟ್, ಸಮಾಜದ ಸಂಘಗಳ ತೆರಿಗೆ ವಿನಾಯಿತಿ: ಸಿಕ್ಕಿದ್ದನ್ನು ಉಳಿಸಿಕೊಳ್ಳುವುದು ಹೇಗೆ?

ರಾಜ್ಯದಲ್ಲಿ ಜೈನ ಮನೆಗಳಿರುವ ಬಹುತೇಕ ಊರುಗಳಲ್ಲಿ ಒಂದು ಬಸದಿ ಇದೆ. ಅದರ ವ್ಯವಹಾರ ನೋಡಿಕೊಳ್ಳಲು ಒಂದು ಟ್ರಸ್ಟ್ ಅಥವಾ ಸಮಿತಿ ಇದೆ. ಜೊತೆಗೆ ವಿದ್ಯಾರ್ಥಿವೇತನ ನಿಧಿ, ಮಹಿಳಾ ಮಂಡಳ, ಗೋಶಾಲೆ, ವಿದ್ಯಾರ್ಥಿ ನಿಲಯ ಹೀಗೆ ಒಂದೆರಡು ಸಂಸ್ಥೆಗಳೂ ಇರುತ್ತವೆ. ಹುಂಡಿ, ಶಾಶ್ವತ ಪೂಜೆಯ ಠೇವಣಿಯ ಬಡ್ಡಿ, ಸಭಾಭವನದ ಬಾಡಿಗೆ, ಹಬ್ಬದ ದೇಣಿಗೆ ಎಲ್ಲ ಸೇರಿ ವರ್ಷದ ಆದಾಯ ಕೆಲವು ಲಕ್ಷ ರೂಪಾಯಿ. ಲೆಕ್ಕ ಬರೆಯುವವರು ತಮ್ಮ ಅಂಗಡಿ, ತೋಟ, ನೌಕರಿಯ ನಡುವೆ ಬಿಡುವು ಮಾಡಿಕೊಂಡು ಸೇವೆಯಾಗಿ ಬರೆಯುತ್ತಾರೆ.

ಇಂಥ ಸಣ್ಣ ಸಂಸ್ಥೆಗಳು ತೆರಿಗೆ ವಿನಾಯಿತಿಯನ್ನು ಹಣದ ದುರುಪಯೋಗದಿಂದ ಕಳೆದುಕೊಳ್ಳುವುದು ಅಪರೂಪ. ನವೀಕರಣದ ದಿನಾಂಕ ತಪ್ಪಿತು, ಇಲಾಖೆಯ ಪತ್ರ ಹಿಂದಿನ ಕಾರ್ಯದರ್ಶಿಯ ಇಮೇಲಿಗೆ ಹೋಯಿತು, ಒಂದು ಫಾರ್ಮ್ ಸಲ್ಲಿಸುವುದು ಮರೆತುಹೋಯಿತು ಎಂಬಂಥ ಕಾರಣಗಳೇ ಹೆಚ್ಚು. ಆದಾಯ ತೆರಿಗೆ ನೋಂದಣಿ ಒಮ್ಮೆ ಪಡೆದರೆ ಶಾಶ್ವತ ಎಂಬ ಕಾಲ 2021ಕ್ಕೆ ಮುಗಿದಿದೆ. ಈಗ ಅದಕ್ಕೆ ಅವಧಿ ಇದೆ, ಪ್ರತಿ ವರ್ಷ ಪಾಲಿಸಬೇಕಾದ ಷರತ್ತುಗಳಿವೆ.

ಗಮನಿಸಿ: 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಟ್ರಸ್ಟ್‌ಗಳನ್ನು ‘ನೋಂದಾಯಿತ ಲಾಭರಹಿತ ಸಂಸ್ಥೆ’ ಎಂದು ಕರೆದು ನಿಯಮಗಳನ್ನು ಒಂದೆಡೆ ತರಲಾಗಿದೆ. 2026ರ ಮಾರ್ಚ್ 31ರವರೆಗಿನ ಲೆಕ್ಕಗಳಿಗೆ 1961ರ ಕಾಯ್ದೆಯೇ ಅನ್ವಯಿಸುತ್ತದೆ. ಪದಾಧಿಕಾರಿಗಳಿಗೂ ಆಡಿಟರ್‌ಗಳಿಗೂ ಪರಿಚಿತವಾಗಿರುವುದರಿಂದ ಇಲ್ಲಿ 1961ರ ಕಾಯ್ದೆಯ ಸೆಕ್ಷನ್ ಮತ್ತು ಫಾರ್ಮ್ ಸಂಖ್ಯೆಗಳನ್ನೇ ಕೊಡಲಾಗಿದೆ. ಹೊಸ ಕಾಯ್ದೆಯಡಿಯ ಲೆಕ್ಕಕ್ಕೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಕಾಣುವ ಸಂಖ್ಯೆಗಳನ್ನು ಅನುಸರಿಸಬೇಕು.

ವಿನಾಯಿತಿ ಹೋದರೆ ಏನಾಗುತ್ತದೆ?

ಮೊದಲನೆಯದು, ಟ್ರಸ್ಟ್‌ನ ಆದಾಯಕ್ಕೆ ತೆರಿಗೆ ಬೀಳುತ್ತದೆ. ನೋಂದಣಿ ಇಲ್ಲದಿದ್ದರೆ ಭಕ್ತರು ಕೊಟ್ಟ ದೇಣಿಗೆಯೂ ಆದಾಯವೆಂದು ಪರಿಗಣನೆಯಾಗಬಹುದು.

ಎರಡನೆಯದು, 80ಜಿ ಮಾನ್ಯತೆ ಇದ್ದ ಸಂಸ್ಥೆಯಾದರೆ ಅದು ತಪ್ಪಿದ ಮೇಲೆ ದಾನಿಗಳಿಗೆ ಸಿಗುತ್ತಿದ್ದ ತೆರಿಗೆ ಕಡಿತ ನಿಲ್ಲುತ್ತದೆ.

ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು. ನೋಂದಣಿ ರದ್ದಾದರೆ, ಅಥವಾ ಅವಧಿ ಮುಗಿದರೂ ನವೀಕರಣಕ್ಕೆ ಅರ್ಜಿ ಹಾಕದೇ ಹೋದರೆ, ಸೆಕ್ಷನ್ 115ಟಿಡಿ ಪ್ರಕಾರ ಟ್ರಸ್ಟ್‌ನ ಆಸ್ತಿಯ ಮೇಲೆಯೇ ತೆರಿಗೆ ವಿಧಿಸಲು ಅವಕಾಶವಿದೆ. ಆಸ್ತಿಗಳ ಅಂದಿನ ಮಾರುಕಟ್ಟೆ ಮೌಲ್ಯದಿಂದ ಸಾಲಗಳನ್ನು ಕಳೆದು ಉಳಿದ ಮೊತ್ತಕ್ಕೆ ಗರಿಷ್ಠ ದರದಲ್ಲಿ ತೆರಿಗೆ. ಕೃಷಿ ಆದಾಯದಿಂದಲೇ ಕೊಂಡ ಆಸ್ತಿಗೆ, ಮತ್ತು ನೋಂದಣಿಗೆ ಮೊದಲೇ ಇದ್ದು ವಿನಾಯಿತಿಯ ಲಾಭ ಪಡೆಯದ ಆಸ್ತಿಗೆ ಇದರಿಂದ ಬಿಡುಗಡೆ ಇದೆ. ಆದರೆ ನೋಂದಣಿಯ ನಂತರ ದಾನಿಗಳ ಹಣದಿಂದ ಕೊಂಡ ನಿವೇಶನ, ಕಟ್ಟಿದ ಸಭಾಭವನ, ಬ್ಯಾಂಕಿನ ಠೇವಣಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ವರ್ಷಕ್ಕೆ ಹತ್ತು ಲಕ್ಷ ಆದಾಯವಿರುವ ಟ್ರಸ್ಟ್ ಪೇಟೆಯ ನಡುವಿನ ಒಂದು ನಿವೇಶನಕ್ಕೆ ಈ ತೆರಿಗೆ ಕಟ್ಟಬೇಕಾದರೆ ಆ ನಿವೇಶನವನ್ನೇ ಮಾರಬೇಕಾದೀತು.

ನಾಲ್ಕನೆಯದು ಜಿಎಸ್‌ಟಿ. 12ಎಬಿ ನೋಂದಣಿ ಇರುವ ಟ್ರಸ್ಟ್ ತನ್ನ ಧಾರ್ಮಿಕ ಸ್ಥಳದ ಆವರಣವನ್ನು ಬಾಡಿಗೆಗೆ ಕೊಟ್ಟಾಗ ಒಂದು ಮಿತಿಯವರೆಗೆ ಜಿಎಸ್‌ಟಿ ಇಲ್ಲ. ಸಭಾಭವನ ಅಥವಾ ಕಲ್ಯಾಣ ಮಂಟಪಕ್ಕೆ ದಿನಕ್ಕೆ 10,000 ರೂಪಾಯಿಗಿಂತ ಕಡಿಮೆ, ಕೊಠಡಿಗೆ ದಿನಕ್ಕೆ 1,000 ರೂಪಾಯಿಗಿಂತ ಕಡಿಮೆ, ಅಂಗಡಿ ಮಳಿಗೆಗೆ ತಿಂಗಳಿಗೆ 10,000 ರೂಪಾಯಿಗಿಂತ ಕಡಿಮೆ ಬಾಡಿಗೆ ಇರಬೇಕು. ನೋಂದಣಿ ಹೋದರೆ ಈ ರಿಯಾಯಿತಿಗೂ ಆಧಾರ ಉಳಿಯುವುದಿಲ್ಲ.

ನೋಂದಣಿಯ ಅವಧಿ: ಮೊದಲು ನೋಡಬೇಕಾದ ದಿನಾಂಕ

2020ರ ತಿದ್ದುಪಡಿಯ ನಂತರ ಹಳೆಯ ಟ್ರಸ್ಟ್‌ಗಳೆಲ್ಲವೂ ಫಾರ್ಮ್ 10ಎ ಮೂಲಕ ಮತ್ತೆ ಅರ್ಜಿ ಹಾಕಿ ಸೆಕ್ಷನ್ 12ಎಬಿ ಅಡಿ ಐದು ವರ್ಷಗಳ ನೋಂದಣಿ ಪಡೆದವು. ಆಗ ಪಡೆದ ಬಹುಪಾಲು ನೋಂದಣಿಗಳ ಅವಧಿ 2026ರ ಮಾರ್ಚ್ 31ಕ್ಕೆ ಮುಗಿಯುವಂಥದ್ದು. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಕನಿಷ್ಠ ಆರು ತಿಂಗಳ ಮೊದಲು ಫಾರ್ಮ್ 10ಎಬಿಯಲ್ಲಿ ಹಾಕಬೇಕಿತ್ತು. ಅಂದರೆ ಆ ಟ್ರಸ್ಟ್‌ಗಳಿಗೆ ಕೊನೆಯ ದಿನ 2025ರ ಸೆಪ್ಟೆಂಬರ್ 30.

ಈ ದಿನಾಂಕ ತಪ್ಪಿದ ಟ್ರಸ್ಟ್ ‘ಇನ್ನೇನು ಮಾಡಲಾಗದು’ ಎಂದು ಸುಮ್ಮನಾಗಬಾರದು. ಸರಿಯಾದ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರವನ್ನು 2024ರ ಅಕ್ಟೋಬರ್ 1ರಿಂದ ಕಮಿಷನರ್ ಅವರಿಗೆ ಕೊಡಲಾಗಿದೆ. ಕರ್ನಾಟಕದ ಟ್ರಸ್ಟ್‌ಗಳಿಗೆ ಸಂಬಂಧಿಸಿದವರು ಬೆಂಗಳೂರಿನ ಆದಾಯ ತೆರಿಗೆ ಕಮಿಷನರ್, ವಿನಾಯಿತಿ ವಿಭಾಗ. ಖಜಾಂಚಿಯ ಅನಾರೋಗ್ಯ, ಸಮಿತಿ ಬದಲಾವಣೆ, ದಾಖಲೆ ಸಿಗದಿದ್ದುದು ಯಾವುದೇ ಇರಲಿ, ಕಾರಣವನ್ನು ಆಧಾರ ಸಮೇತ ಬರೆದು ಅರ್ಜಿಯನ್ನು ಆದಷ್ಟು ಬೇಗ ಸಲ್ಲಿಸಬೇಕು. ತಡ ಹೆಚ್ಚಿದಷ್ಟೂ ವಿವರಣೆ ಕೊಡುವುದು ಕಷ್ಟ.

ಸಣ್ಣ ಸಂಸ್ಥೆಗಳಿಗೆ ಒಂದು ಅನುಕೂಲವೂ ಆಗಿದೆ. ಅರ್ಜಿ ಹಾಕುವ ವರ್ಷದ ಹಿಂದಿನ ಎರಡು ವರ್ಷಗಳಲ್ಲಿ, ಪ್ರತಿ ವರ್ಷವೂ ವಿನಾಯಿತಿ ಲೆಕ್ಕ ಹಾಕುವ ಮೊದಲಿನ ಒಟ್ಟು ಆದಾಯ 5 ಕೋಟಿ ರೂಪಾಯಿ ಮೀರದಿದ್ದರೆ, 2025ರ ಏಪ್ರಿಲ್ 1ರ ನಂತರದ ನವೀಕರಣ ಐದರ ಬದಲು ಹತ್ತು ವರ್ಷಕ್ಕೆ ಸಿಗುತ್ತದೆ. ಆದರೆ ಈ ಹತ್ತು ವರ್ಷ 80ಜಿ ಮಾನ್ಯತೆಗೆ ಅನ್ವಯಿಸುವುದಿಲ್ಲ. ಅದಕ್ಕೆ ಐದು ವರ್ಷವೇ. ಒಂದೇ ಟ್ರಸ್ಟ್‌ನ ಎರಡು ಪ್ರಮಾಣಪತ್ರಗಳಲ್ಲಿ ಎರಡು ಬೇರೆ ದಿನಾಂಕಗಳಿರುತ್ತವೆ ಎಂಬುದು ಮುಂದಿನ ಪದಾಧಿಕಾರಿಗಳಿಗೂ ಗೊತ್ತಾಗುವಂತೆ ನಿರ್ಣಯ ಪುಸ್ತಕದಲ್ಲಿ ಬರೆದಿಡಬೇಕು.

ಹೊಸದಾಗಿ ಆರಂಭವಾದ ಟ್ರಸ್ಟ್‌ಗೆ ಸಿಗುವುದು ಮೂರು ವರ್ಷಗಳ ತಾತ್ಕಾಲಿಕ ನೋಂದಣಿ. ಅದನ್ನು ಪೂರ್ಣ ನೋಂದಣಿಯಾಗಿ ಬದಲಿಸಲು ಚಟುವಟಿಕೆ ಆರಂಭವಾದ ಆರು ತಿಂಗಳೊಳಗೆ, ಅಥವಾ ಅವಧಿ ಮುಗಿಯುವ ಆರು ತಿಂಗಳ ಮೊದಲು, ಯಾವುದು ಮೊದಲೋ ಆಗ ಅರ್ಜಿ ಹಾಕಬೇಕು. ಮೂರು ವರ್ಷ ಇದೆಯಲ್ಲ ಎಂದು ಕಾಯುವುದು ಅನೇಕರು ಮಾಡುವ ತಪ್ಪು.

ಟ್ರಸ್ಟ್‌ನ ಉದ್ದೇಶಗಳನ್ನು ಬದಲಿಸಿದರೆ, ಉದಾಹರಣೆಗೆ ಬಸದಿ ಟ್ರಸ್ಟ್ ಶಾಲೆ ನಡೆಸುವುದನ್ನೂ ಸೇರಿಸಿ ಪತ್ರ ತಿದ್ದುಪಡಿ ಮಾಡಿದರೆ, 30 ದಿನಗಳೊಳಗೆ ಮತ್ತೆ ಅರ್ಜಿ ಸಲ್ಲಿಸಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳಬಾರದು.

ಧಾರ್ಮಿಕವೋ, ಸೇವಾ ಸಂಸ್ಥೆಯೋ?

ಜೈನ ಸಮಾಜದ ಸಂಸ್ಥೆಗಳು ವಿಶೇಷವಾಗಿ ಅರ್ಥಮಾಡಿಕೊಳ್ಳಬೇಕಾದ ವಿಷಯ ಇದು. ಕಾಯ್ದೆ ಧಾರ್ಮಿಕ ಉದ್ದೇಶದ ಟ್ರಸ್ಟನ್ನೂ ಸೇವಾ ಉದ್ದೇಶದ ಟ್ರಸ್ಟನ್ನೂ ಬೇರೆ ಬೇರೆಯಾಗಿ ನೋಡುತ್ತದೆ.

ಬಸದಿಯ ನಿತ್ಯಪೂಜೆ, ಜೀರ್ಣೋದ್ಧಾರ, ಮುನಿಸಂಘದ ಆಹಾರ ಮತ್ತು ಚಾತುರ್ಮಾಸ ವ್ಯವಸ್ಥೆ, ದಶಲಕ್ಷಣ ಪರ್ವ, ಧಾರ್ಮಿಕ ಪಾಠಶಾಲೆ ಇವೆಲ್ಲ ಧಾರ್ಮಿಕ ಉದ್ದೇಶಗಳು. ಪೂರ್ಣ ಧಾರ್ಮಿಕ ಟ್ರಸ್ಟ್‌ನ ಪ್ರಯೋಜನ ಜೈನ ಸಮಾಜಕ್ಕೆ ಸೀಮಿತವಾಗಿದ್ದರೂ ಆದಾಯದ ವಿನಾಯಿತಿಗೆ ಅಡ್ಡಿಯಿಲ್ಲ. ಆದರೆ ಅದು ಸಾರ್ವಜನಿಕವಾಗಿರಬೇಕು. ಒಂದು ಮನೆತನದ ಖಾಸಗಿ ಚೈತ್ಯಾಲಯಕ್ಕೆ ಆ ಹಣ ಹೋಗುವಂತಿಲ್ಲ.

ವಿದ್ಯಾರ್ಥಿವೇತನ, ವೈದ್ಯಕೀಯ ನೆರವು, ವಿದ್ಯಾರ್ಥಿ ನಿಲಯ ಇವು ಸೇವಾ ಉದ್ದೇಶಗಳು. ಇಲ್ಲಿ ಸೆಕ್ಷನ್ 13(1)(ಬಿ) ಅಡ್ಡಬರುತ್ತದೆ. 1961ರ ಕಾಯ್ದೆ ಜಾರಿಯಾದ 1962ರ ಏಪ್ರಿಲ್ 1ರ ನಂತರ ಸ್ಥಾಪನೆಯಾದ ಸೇವಾ ಟ್ರಸ್ಟ್ ಒಂದು ನಿರ್ದಿಷ್ಟ ಧಾರ್ಮಿಕ ಸಮುದಾಯ ಅಥವಾ ಜಾತಿಯ ಪ್ರಯೋಜನಕ್ಕೆಂದೇ ಇದ್ದರೆ ಅದಕ್ಕೆ ವಿನಾಯಿತಿ ಇಲ್ಲ. ‘ಜೈನ ವಿದ್ಯಾರ್ಥಿಗಳಿಗೆ ಮಾತ್ರ’ ಎಂದು ಟ್ರಸ್ಟ್ ಪತ್ರದಲ್ಲಿ ಬರೆದುಕೊಂಡ ವಿದ್ಯಾರ್ಥಿವೇತನ ನಿಧಿ ಸಿಕ್ಕಿಬೀಳುವುದು ಇಲ್ಲಿಯೇ. ಆದಾಯವನ್ನು ಹೀಗೆ ಒಂದೇ ಸಮುದಾಯಕ್ಕೆ ಬಳಸಿದ್ದು ಕಂಡುಬಂದರೆ ನೋಂದಣಿ ರದ್ದು ಮಾಡಲು ಅದೊಂದು ಕಾರಣವೂ ಆಗುತ್ತದೆ.

ಜೈನರಿಗೆ ಅಲ್ಪಸಂಖ್ಯಾತ ಸ್ಥಾನಮಾನ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. 2014ರ ಜನವರಿ 27ರಂದು ಕೇಂದ್ರ ಸರ್ಕಾರ ಜೈನ ಸಮುದಾಯವನ್ನು ರಾಷ್ಟ್ರೀಯ ಅಲ್ಪಸಂಖ್ಯಾತರ ಪಟ್ಟಿಗೆ ಸೇರಿಸಿದ್ದು ನಿಜ. ಆದರೆ ಅದರಿಂದ ಆದಾಯ ತೆರಿಗೆಯ ಈ ಷರತ್ತು ಸಡಿಲವಾಗುವುದಿಲ್ಲ.

ಧಾರ್ಮಿಕ ಮತ್ತು ಸೇವಾ ಉದ್ದೇಶಗಳೆರಡೂ ಇರುವ ಟ್ರಸ್ಟ್‌ಗಳ ಬಗ್ಗೆ ಸುಪ್ರೀಂ ಕೋರ್ಟ್ 2014ರಲ್ಲಿ ದಾವೂದಿ ಬೊಹ್ರಾ ಜಮಾತ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅಂಥ ಟ್ರಸ್ಟ್‌ನ ಪ್ರಯೋಜನ ಒಂದು ಸಮುದಾಯಕ್ಕೆ ಮಾತ್ರ ಮೀಸಲಾಗಿರದಿದ್ದರೆ 13(1)(ಬಿ) ತಡೆಯಾಗುವುದಿಲ್ಲ ಎಂಬುದು ಅದರ ಸಾರ.

ಹಾಗಾಗಿ ಸಮಾಜದ ಸಂಸ್ಥೆಗಳಿಗೆ ಎರಡು ಸುರಕ್ಷಿತ ದಾರಿಗಳಿವೆ. ಬಸದಿಗೆ ಒಂದು, ಸೇವೆಗೆ ಒಂದು ಎಂದು ಎರಡು ಟ್ರಸ್ಟ್ ಇಟ್ಟುಕೊಂಡು, ಸೇವಾ ಟ್ರಸ್ಟನ್ನು ಜಾತಿ ಮತ ಭೇದವಿಲ್ಲದೆ ಅರ್ಹರೆಲ್ಲರಿಗೂ ತೆರೆದಿಡುವುದು ಒಂದು ದಾರಿ. ಒಂದೇ ಟ್ರಸ್ಟ್ ಆಗಿದ್ದರೆ ಅದರ ಪತ್ರದಲ್ಲಿಯೂ ವಾಸ್ತವದಲ್ಲಿಯೂ ವಿದ್ಯಾರ್ಥಿವೇತನ ಮತ್ತು ವೈದ್ಯಕೀಯ ನೆರವನ್ನು ಎಲ್ಲರಿಗೂ ತೆರೆದಿಡುವುದು ಇನ್ನೊಂದು. ‘ಪತ್ರದಲ್ಲಿ ಎಲ್ಲರಿಗೂ, ಪಟ್ಟಿಯಲ್ಲಿ ನಮ್ಮವರಿಗೆ ಮಾತ್ರ’ ಎಂದಾದರೆ ಪರಿಶೀಲನೆಯಲ್ಲಿ ಫಲಾನುಭವಿಗಳ ಪಟ್ಟಿಯೇ ಎದುರು ಸಾಕ್ಷಿಯಾಗುತ್ತದೆ. ಕಣ್ಣಿನ ಶಿಬಿರ, ಗೋಶಾಲೆ, ಅನ್ನದಾನದಂಥ ಕೆಲಸಗಳಲ್ಲಿ ಈ ತೊಡಕು ಬರುವುದೇ ಇಲ್ಲ.

ಚಾರಿತ್ರಿಕ ಅಥವಾ ಕಲಾತ್ಮಕ ಮಹತ್ವದ ಸ್ಮಾರಕಗಳ ರಕ್ಷಣೆಯನ್ನು ಕಾಯ್ದೆಯೇ ಸೇವಾ ಉದ್ದೇಶಗಳಲ್ಲಿ ಹೆಸರಿಸಿದೆ. ಹಳೆಯ ಬಸದಿ, ಶಾಸನ, ತಾಳೆಗರಿಗಳನ್ನು ಕಾಪಾಡುವ ಸಂಸ್ಥೆಗಳು ಟ್ರಸ್ಟ್ ಪತ್ರ ಬರೆಸುವಾಗ ಇದನ್ನು ಗಮನದಲ್ಲಿಡಬೇಕು.

80ಜಿ ಎಲ್ಲರಿಗೂ ಸಿಗುವುದಿಲ್ಲ

12ಎಬಿ ಟ್ರಸ್ಟ್‌ನ ಆದಾಯಕ್ಕೆ ಸಂಬಂಧಿಸಿದ್ದು, 80ಜಿ ದಾನಿಯ ತೆರಿಗೆಗೆ ಸಂಬಂಧಿಸಿದ್ದು. ಪೂರ್ಣವಾಗಿ ಧಾರ್ಮಿಕವಾದ ಬಸದಿ ಟ್ರಸ್ಟ್‌ಗೆ 80ಜಿ ಸಿಗುವುದಿಲ್ಲ. ಕೇಂದ್ರ ಸರ್ಕಾರ ಚಾರಿತ್ರಿಕ ಮಹತ್ವದ ಸ್ಥಳವೆಂದು ಇದಕ್ಕಾಗಿಯೇ ಅಧಿಸೂಚನೆ ಹೊರಡಿಸಿದ ಪೂಜಾಸ್ಥಳಗಳ ದುರಸ್ತಿ ಮತ್ತು ಜೀರ್ಣೋದ್ಧಾರದ ದೇಣಿಗೆ ಮಾತ್ರ ಇದಕ್ಕೆ ಅಪವಾದ. 80ಜಿ ಇರುವ ಸೇವಾ ಟ್ರಸ್ಟ್ ಒಂದು ವರ್ಷದಲ್ಲಿ ಧಾರ್ಮಿಕ ಕಾರ್ಯಕ್ಕೆ ತನ್ನ ಒಟ್ಟು ಆದಾಯದ ಶೇ. 5ಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ವಿದ್ಯಾರ್ಥಿ ನಿಲಯದ ಟ್ರಸ್ಟ್‌ನಿಂದ ಬಸದಿಯ ಪಂಚಕಲ್ಯಾಣಕ್ಕೆ ದೊಡ್ಡ ಮೊತ್ತ ಕೊಟ್ಟರೆ 80ಜಿಗೆ ಅಪಾಯ.

80ಜಿ ಇರುವ ಸಂಸ್ಥೆ ಪ್ರತಿ ವರ್ಷ ಮೇ 31ರೊಳಗೆ ದಾನಿಗಳ ವಿವರವನ್ನು ಫಾರ್ಮ್ 10ಬಿಡಿಯಲ್ಲಿ ಸಲ್ಲಿಸಿ, ದಾನಿಗಳಿಗೆ ಫಾರ್ಮ್ 10ಬಿಇ ಪ್ರಮಾಣಪತ್ರ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಸಲ್ಲಿಸದೇ ಬಿಟ್ಟರೆ 10,000ದಿಂದ 1 ಲಕ್ಷ ರೂಪಾಯಿವರೆಗೆ ದಂಡವೂ ಬರಬಹುದು. ದಾನಿಗಳೂ ಎರಡು ವಿಷಯ ತಿಳಿದಿರಬೇಕು. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೂ, ಅಕ್ಕಿ, ಬಟ್ಟೆ, ಬೆಳ್ಳಿಯಂಥ ವಸ್ತು ರೂಪದ ದೇಣಿಗೆಗೂ 80ಜಿ ಕಡಿತವಿಲ್ಲ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೂ ಈ ಕಡಿತ ಸಿಗುವುದಿಲ್ಲ.

ಶೇ. 85ರ ಲೆಕ್ಕ

ಟ್ರಸ್ಟ್ ತನ್ನ ವರ್ಷದ ಆದಾಯದಲ್ಲಿ ಕನಿಷ್ಠ ಶೇ. 85ನ್ನು ಅದೇ ವರ್ಷ ತನ್ನ ಉದ್ದೇಶಗಳಿಗೆ ಖರ್ಚು ಮಾಡಬೇಕು. ಶೇ. 15ನ್ನು ಯಾವ ಷರತ್ತೂ ಇಲ್ಲದೆ ಉಳಿಸಿಕೊಳ್ಳಬಹುದು. ಮೂಲನಿಧಿಗೆಂದು ಬಂದ ದೇಣಿಗೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಬಸದಿಯ ಅಡಿಕೆ ತೋಟ, ಗದ್ದೆಯಿಂದ ಬರುವ ಕೃಷಿ ಆದಾಯಕ್ಕೆ ಕಾಯ್ದೆಯಲ್ಲಿ ಪ್ರತ್ಯೇಕ ವಿನಾಯಿತಿ ಇದೆ. ಮಳಿಗೆಯ ಬಾಡಿಗೆ, ಠೇವಣಿಯ ಬಡ್ಡಿ, ಹುಂಡಿ, ಸಾಮಾನ್ಯ ದೇಣಿಗೆ ಲೆಕ್ಕಕ್ಕೆ ಸೇರುತ್ತವೆ.

ಉದಾಹರಣೆಗೆ ಒಂದು ಟ್ರಸ್ಟ್‌ನ ಆದಾಯ 12 ಲಕ್ಷ ರೂಪಾಯಿ ಎಂದಿರಲಿ. ಶೇ. 85 ಅಂದರೆ 10.20 ಲಕ್ಷ. ಖರ್ಚಾದದ್ದು 7 ಲಕ್ಷ ಮಾತ್ರ. ಕೊರತೆ 3.20 ಲಕ್ಷ. ಮಾನಸ್ತಂಭ ಕಟ್ಟಿಸಲು ಅಥವಾ ಮುಂದಿನ ಮಸ್ತಕಾಭಿಷೇಕಕ್ಕೆ ಹಣ ಕೂಡಿಸುತ್ತಿದ್ದರೆ ಫಾರ್ಮ್ 10ರಲ್ಲಿ ಆ ಉದ್ದೇಶವನ್ನು ಸ್ಪಷ್ಟವಾಗಿ ತಿಳಿಸಿ ಐದು ವರ್ಷಗಳವರೆಗೆ ಕೂಡಿಡಬಹುದು. ‘ಟ್ರಸ್ಟ್‌ನ ಉದ್ದೇಶಗಳಿಗಾಗಿ’ ಎಂದು ಮೊಗಮ್ಮಾಗಿ ಬರೆಯಬಾರದು. ಆದಾಯ ಆ ವರ್ಷ ಕೈಗೆ ಬಂದಿಲ್ಲ, ಅಥವಾ ವರ್ಷದ ಕೊನೆಗೆ ಬಂದದ್ದರಿಂದ ಖರ್ಚಾಗಿಲ್ಲ ಎಂದಾದರೆ ಫಾರ್ಮ್ 9ಎ ಸಲ್ಲಿಸಬೇಕು. ಎರಡನ್ನೂ ಸಲ್ಲಿಸದೇ ಹೋದರೆ, ಅನುಮತಿಯಿಲ್ಲದೆ ಕೂಡಿಟ್ಟ ಹಣಕ್ಕೆ ಶೇ. 30ರ ತೆರಿಗೆ ಬೀಳಬಹುದು. ಈ ಉದಾಹರಣೆಯಲ್ಲಿ ಅದು 96,000 ರೂಪಾಯಿ, ಮೇಲೆ ಸೆಸ್ ಬೇರೆ. ಒಂದು ಪುಟದ ಫಾರ್ಮ್ ಮರೆತದ್ದಕ್ಕೆ ಬಸದಿಯ ಹಲವು ತಿಂಗಳ ಪೂಜೆಯ ಖರ್ಚು ಹೋದಂತೆ.

ಐದು ವರ್ಷದೊಳಗೆ ಹೇಳಿದ ಕೆಲಸಕ್ಕೆ ಬಳಸದಿದ್ದರೆ ಕೂಡಿಟ್ಟ ಹಣ ಐದನೇ ವರ್ಷದ ಆದಾಯವಾಗುತ್ತದೆ. ಕೂಡಿಟ್ಟ ಈ ಹಣವನ್ನು ಬೇರೆ ಟ್ರಸ್ಟ್‌ಗೆ ದೇಣಿಗೆಯಾಗಿ ಕೊಡುವಂತೆಯೂ ಇಲ್ಲ.

ಯಾವ ಖರ್ಚು ಲೆಕ್ಕಕ್ಕೆ ಬರುತ್ತದೆ ಎಂಬುದಕ್ಕೂ ನಿಯಮಗಳಿವೆ:

• ಹಣ ಆ ವರ್ಷ ನಿಜವಾಗಿ ಪಾವತಿಯಾಗಿರಬೇಕು. ಬಿಲ್ ಬಂದಿದೆ, ಕೊಟ್ಟಿಲ್ಲ ಎಂದರೆ ಕೊಟ್ಟ ವರ್ಷವೇ ಲೆಕ್ಕ.
• ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಸಾಮಾನ್ಯವಾಗಿ ಆ ಖರ್ಚು ಲೆಕ್ಕಕ್ಕೆ ಬರುವುದಿಲ್ಲ. ಶಿಲ್ಪಿ, ಅಡುಗೆಯವರು, ಶಾಮಿಯಾನದವರಿಗೆ ಬ್ಯಾಂಕ್ ಮೂಲಕವೇ ಕೊಡಬೇಕು.
• ಟಿಡಿಎಸ್ ಕಡಿತ ಮಾಡಬೇಕಾದಲ್ಲಿ ಮಾಡದಿದ್ದರೆ ಆ ಮೊತ್ತದ ಶೇ. 30 ಕೈಬಿಟ್ಟುಹೋಗುತ್ತದೆ. ಜೀರ್ಣೋದ್ಧಾರದ ಗುತ್ತಿಗೆದಾರರಿಗೆ ಕೊಡುವಾಗ ಇದು ಮುಖ್ಯ.
• ಇನ್ನೊಂದು ನೋಂದಾಯಿತ ಟ್ರಸ್ಟ್‌ಗೆ ದೇಣಿಗೆ ಕೊಟ್ಟರೆ ಅದರ ಶೇ. 85 ಮಾತ್ರ ಖರ್ಚೆಂದು ಪರಿಗಣನೆ. ಮೂಲನಿಧಿಗೆಂದು ಕೊಟ್ಟರೆ ಅದೂ ಇಲ್ಲ.
• ಸಾಲ ಮಾಡಿ ಕಟ್ಟಿಸಿದರೆ ಕಟ್ಟಿಸಿದ ವರ್ಷ ಅದು ಖರ್ಚಲ್ಲ. ಷರತ್ತುಗಳಿಗೆ ಒಳಪಟ್ಟು ಐದು ವರ್ಷದೊಳಗೆ ಸಾಲ ತೀರಿಸಿದಷ್ಟು ಆಯಾ ವರ್ಷದ ಖರ್ಚು.

ಮೂಲನಿಧಿ, ಹುಂಡಿ ಮತ್ತು ಕಲಶದ ಸವಾಲು

ಶಾಶ್ವತ ಪೂಜೆ, ನಂದಾದೀಪ, ಅಮೃತಪಡಿಗೆಂದು ಭಕ್ತರು ಇಡುವ ಹಣ ಮೂಲನಿಧಿಯಾಗಬೇಕಾದರೆ ದಾನಿಯ ಸ್ಪಷ್ಟ ಸೂಚನೆ ಇರಬೇಕು. ‘ಈ ಹಣ ಮೂಲನಿಧಿಯಲ್ಲಿರಲಿ, ಬಡ್ಡಿಯಿಂದ ಪೂಜೆ ನಡೆಯಲಿ’ ಎಂದು ದಾನಿಯಿಂದ ಸಹಿಯೊಂದಿಗೆ ಬರೆಸಿಕೊಳ್ಳುವುದು ಒಳ್ಳೆಯದು. ರಸೀದಿಯಲ್ಲಿ ಖಜಾಂಚಿ ಬರೆದುಕೊಂಡರೆ ಸಾಲದು. ಜೊತೆಗೆ, ಕಾಯ್ದೆ ಸೆಕ್ಷನ್ 11(5)ರಲ್ಲಿ ಹೇಳಿದ ಕಡೆ ಈ ಹಣವನ್ನು ಮೂಲನಿಧಿಗಾಗಿಯೇ ಪ್ರತ್ಯೇಕವಾಗಿ ಇಟ್ಟರಷ್ಟೇ ವಿನಾಯಿತಿ. ಶೆಡ್ಯೂಲ್ಡ್ ಬ್ಯಾಂಕ್, ಸಹಕಾರಿ ಬ್ಯಾಂಕ್, ಅಂಚೆ ಕಚೇರಿ, ಸರ್ಕಾರಿ ಸಾಲಪತ್ರ ಈ ಪಟ್ಟಿಯಲ್ಲಿವೆ. ಹೆಚ್ಚು ಬಡ್ಡಿಯ ಆಸೆಗೆ ಊರಿನ ವ್ಯಾಪಾರಿಗೆ ಕೈಸಾಲ ಕೊಡುವುದು ನಿಯಮಕ್ಕೆ ವಿರುದ್ಧ. ಬ್ಯಾಂಕಿಂಗ್ ಪರವಾನಗಿ ಇಲ್ಲದ ಪತ್ತಿನ ಸಂಘದಲ್ಲಿ ಠೇವಣಿ ಇಟ್ಟಿದ್ದರೂ ಆಡಿಟರ್ ಬಳಿ ವಿಚಾರಿಸಿ ಬದಲಿಸಿಕೊಳ್ಳುವುದು ಕ್ಷೇಮ.

ಹೆಸರು ವಿಳಾಸವಿಲ್ಲದ ದೇಣಿಗೆಗೆ ಸೆಕ್ಷನ್ 115ಬಿಬಿಸಿ ಪ್ರಕಾರ ಶೇ. 30 ತೆರಿಗೆ ಇದೆ. ಪೂರ್ಣ ಧಾರ್ಮಿಕ ಟ್ರಸ್ಟ್‌ಗೆ ಇದು ಅನ್ವಯಿಸುವುದಿಲ್ಲ. ಆದ್ದರಿಂದ ಬಸದಿಯ ಹುಂಡಿಗೆ ಭಯವಿಲ್ಲ. ಧಾರ್ಮಿಕ ಮತ್ತು ಸೇವಾ ಉದ್ದೇಶಗಳೆರಡೂ ಇರುವ ಟ್ರಸ್ಟ್‌ಗೂ, ಅದು ನಡೆಸುವ ಶಾಲೆ ಅಥವಾ ಆಸ್ಪತ್ರೆಗೆಂದೇ ಕೊಟ್ಟ ಅನಾಮಧೇಯ ಹಣ ಬಿಟ್ಟರೆ, ರಿಯಾಯಿತಿ ಇದೆ. ಬರಿಯ ಸೇವಾ ಟ್ರಸ್ಟ್‌ಗೆ ಒಟ್ಟು ದೇಣಿಗೆಯ ಶೇ. 5 ಅಥವಾ 1 ಲಕ್ಷ ರೂಪಾಯಿ, ಯಾವುದು ಹೆಚ್ಚೋ ಅಷ್ಟನ್ನು ಮೀರಿದ ಅನಾಮಧೇಯ ಹಣಕ್ಕೆ ಈ ತೆರಿಗೆ. ಹುಂಡಿ ತೆರೆಯುವಾಗ ಇಬ್ಬರು ಮೂವರ ಎದುರು ಎಣಿಸಿ, ದಿನಾಂಕ ಹಾಕಿ, ಸಹಿ ಮಾಡಿ, ಮರುದಿನವೇ ಬ್ಯಾಂಕಿಗೆ ಕಟ್ಟುವ ರೂಢಿ ಒಳ್ಳೆಯದು.

ಅಭಿಷೇಕದ ಕಲಶದ ಸವಾಲಿನಲ್ಲಿ ದೊಡ್ಡ ಮೊತ್ತಗಳು ಬರುತ್ತವೆ. ಒಬ್ಬರಿಂದ ಒಂದು ದಿನ, ಅಥವಾ ಒಂದೇ ಕಾರ್ಯಕ್ರಮಕ್ಕೆ ಸಂಬಂಧಿಸಿ, 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಸೆಕ್ಷನ್ 269ಎಸ್‌ಟಿ ನಿಷೇಧಿಸುತ್ತದೆ. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳುವುದು ಪಡೆದ ಟ್ರಸ್ಟ್‌ಗೆ.

ವಿದೇಶದಲ್ಲಿ ನೆಲೆಸಿದ ಬಂಧುಗಳ ದೇಣಿಗೆಗೂ ಎಚ್ಚರ ಬೇಕು. ಭಾರತೀಯ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ, ಕಳಿಸಿದರೆ ಅದು ವಿದೇಶಿ ದೇಣಿಗೆ. ಅದಕ್ಕೆ ಎಫ್‌ಸಿಆರ್‌ಎ ನೋಂದಣಿ ಅಥವಾ ಗೃಹ ಸಚಿವಾಲಯದ ಪೂರ್ವಾನುಮತಿ ಬೇಕು. ಅನುಮತಿ ಇಲ್ಲದ ಟ್ರಸ್ಟ್ ಹಣ ಬರುವ ಮೊದಲೇ ಇದನ್ನು ದಾನಿಗೆ ಗೌರವದಿಂದ ತಿಳಿಸಬೇಕು.

ಟ್ರಸ್ಟಿಗಳಿಗೆ ಲಾಭ ಸಲ್ಲದು

ಟ್ರಸ್ಟಿಗಳು, ಸ್ಥಾಪಕರು, ಅವರ ಹತ್ತಿರದ ಸಂಬಂಧಿಕರು ಮತ್ತು ದೊಡ್ಡ ದಾನಿಗಳಿಗೆ ಟ್ರಸ್ಟ್‌ನಿಂದ ವೈಯಕ್ತಿಕ ಲಾಭವಾಗಬಾರದು. ವರ್ಷಕ್ಕೆ 1 ಲಕ್ಷ ರೂಪಾಯಿ ಅಥವಾ ಈವರೆಗೆ ಒಟ್ಟು 10 ಲಕ್ಷ ರೂಪಾಯಿ ಮೀರಿ ಕೊಟ್ಟವರು ದೊಡ್ಡ ದಾನಿಗಳು ಎಂದು 2025ರಲ್ಲಿ ಮಿತಿಯನ್ನು ಏರಿಸಲಾಗಿದೆ. ಟ್ರಸ್ಟಿಯ ಅಂಗಡಿಗೆ ಕಡಿಮೆ ಬಾಡಿಗೆಗೆ ಮಳಿಗೆ, ಮಗಳ ಮದುವೆಗೆ ಉಚಿತ ಸಭಾಭವನ, ಕಷ್ಟಕ್ಕೆಂದು ಬಡ್ಡಿಯಿಲ್ಲದ ಸಾಲ ಇವೆಲ್ಲ ಊರಿನಲ್ಲಿ ಸಹಜವಾಗಿ ಕಾಣಬಹುದು. ಕಾನೂನಿನಲ್ಲಿ ಇವು ಉಲ್ಲಂಘನೆ. ಅಷ್ಟು ಲಾಭಕ್ಕೆ ಶೇ. 30ರ ತೆರಿಗೆ, ಅದರ ಮೇಲೆ ದಂಡವೂ ಬರಬಹುದು. ಟ್ರಸ್ಟಿ ಇತರರಂತೆಯೇ ಬಾಡಿಗೆ ಕೊಟ್ಟು ರಸೀದಿ ಪಡೆದರೆ ಪ್ರಶ್ನೆ ಏಳುವುದಿಲ್ಲ.

ವರ್ಷದ ಕ್ಯಾಲೆಂಡರ್

• ಏಪ್ರಿಲ್: ಹಿಂದಿನ ವರ್ಷದ ಲೆಕ್ಕ ಮುಗಿಸಿ ಆಡಿಟರ್‌ಗೆ ಕೊಡುವುದು.
• ಮೇ 31: 80ಜಿ ಇರುವವರು ಫಾರ್ಮ್ 10ಬಿಡಿ ಸಲ್ಲಿಸಿ ದಾನಿಗಳಿಗೆ 10ಬಿಇ ಕೊಡುವುದು.
• ಆಗಸ್ಟ್ 31: ಫಾರ್ಮ್ 9ಎ ಮತ್ತು ಫಾರ್ಮ್ 10. ರಿಟರ್ನ್ಸ್‌ನ ಕೊನೆಯ ದಿನದೊಳಗೆ ಸಲ್ಲಿಸಿದರೂ ಲಾಭ ತಪ್ಪುವುದಿಲ್ಲ ಎಂದು ನೇರ ತೆರಿಗೆ ಮಂಡಳಿ 2023ರಲ್ಲಿ ಸ್ಪಷ್ಟಪಡಿಸಿದೆ. ಆದರೂ ಆಗಸ್ಟ್‌ನಲ್ಲೇ ಮುಗಿಸುವುದು ಉತ್ತಮ.
• ಸೆಪ್ಟೆಂಬರ್ 30: ಆಡಿಟ್ ವರದಿ. ಒಟ್ಟು ಆದಾಯ 5 ಕೋಟಿ ಮೀರಿದರೆ, ವಿದೇಶಿ ದೇಣಿಗೆ ಬಂದಿದ್ದರೆ ಅಥವಾ ಹೊರದೇಶದಲ್ಲಿ ಖರ್ಚು ಮಾಡಿದ್ದರೆ ಫಾರ್ಮ್ 10ಬಿ, ಉಳಿದವರಿಗೆ 10ಬಿಬಿ. ಮುಂದಿನ ಮಾರ್ಚ್ 31ಕ್ಕೆ ನೋಂದಣಿ ಮುಗಿಯುವುದಿದ್ದರೆ ನವೀಕರಣದ ಅರ್ಜಿಗೂ ಇದೇ ಕೊನೆಯ ದಿನ.
• ಅಕ್ಟೋಬರ್ 31: ಐಟಿಆರ್-7 ರಿಟರ್ನ್ಸ್.
• ಫೆಬ್ರವರಿ: ಈವರೆಗಿನ ಆದಾಯ, ಖರ್ಚು ನೋಡಿ ಶೇ. 85 ತಲುಪುತ್ತದೆಯೇ ಎಂದು ಲೆಕ್ಕ ಹಾಕಿ, ಮಾರ್ಚ್ 31ರೊಳಗೆ ಬಾಕಿ ಬಿಲ್‌ಗಳನ್ನು ಪಾವತಿಸುವುದು.

ಲೆಕ್ಕಪುಸ್ತಕ, ರಸೀದಿ, ವೋಚರ್‌ಗಳನ್ನು ಸಂಬಂಧಿಸಿದ ಅಸೆಸ್‌ಮೆಂಟ್ ವರ್ಷ ಮುಗಿದ ನಂತರ ಹತ್ತು ವರ್ಷ ಇಟ್ಟುಕೊಳ್ಳಬೇಕು. ಸೊಸೈಟಿಯಾಗಿ ನೋಂದಣಿಯಾದ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಪ್ರತಿ ವರ್ಷ ರಿಜಿಸ್ಟ್ರಾರ್‌ಗೆ ಸಲ್ಲಿಸುವ ದಾಖಲೆಗಳು ಇದರಿಂದ ಬೇರೆ.

ಪೋರ್ಟಲ್‌ನ ಕೀಲಿ ಯಾರ ಬಳಿ?

ಇಲಾಖೆಯ ಪತ್ರ, ನೋಟಿಸ್‌ಗಳು ಈಗ ಮುಖ್ಯವಾಗಿ ಪೋರ್ಟಲ್ ಮತ್ತು ಇಮೇಲ್‌ಗೆ ಬರುತ್ತವೆ. ನವೀಕರಣದ ಅರ್ಜಿ ಹಾಕಿದ ಮೇಲೆ ಟ್ರಸ್ಟ್ ಪತ್ರ, ಹಿಂದಿನ ವರ್ಷಗಳ ಲೆಕ್ಕ, ಚಟುವಟಿಕೆಗಳ ವಿವರ ಕೇಳಿ ನೋಟಿಸ್ ಬರುವುದು ಸಾಮಾನ್ಯ. ಗಡುವಿನೊಳಗೆ ಉತ್ತರ ಹೋಗದಿದ್ದರೆ ಅರ್ಜಿ ತಿರಸ್ಕೃತವಾಗಬಹುದು. ಹಾಗಾದರೆ ಅವಧಿ ಮೀರದಂತೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕಾಗುತ್ತದೆ. ಒಂದು ಉತ್ತರಪತ್ರದಲ್ಲಿ ಮುಗಿಯುವ ಕೆಲಸಕ್ಕೆ ವಕೀಲರ ಶುಲ್ಕ ತೆರಬೇಕಾಗುತ್ತದೆ.

ಹಾಗಾಗಿ ಪೋರ್ಟಲ್‌ನಲ್ಲಿರುವ ಮೊಬೈಲ್ ಸಂಖ್ಯೆ, ಇಮೇಲ್, ಸಹಿ ಅಧಿಕಾರಿಯ ಹೆಸರು ಈಗಿನ ಪದಾಧಿಕಾರಿಗಳದ್ದೇ ಎಂದು ಪ್ರತಿ ಸಮಿತಿ ಬದಲಾವಣೆಯಾದಾಗಲೂ ನೋಡಿಕೊಳ್ಳಬೇಕು. ಟ್ರಸ್ಟ್‌ನ ಹೆಸರಿನಲ್ಲಿಯೇ ಒಂದು ಇಮೇಲ್ ತೆರೆದು, ಪಾಸ್‌ವರ್ಡ್ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರ ಬಳಿಯೂ ಇರಬೇಕು. ತಿಂಗಳಿಗೊಮ್ಮೆ ಪೋರ್ಟಲ್ ತೆರೆದು ನೋಡುವ ಹೊಣೆಯನ್ನು ಕಂಪ್ಯೂಟರ್ ಬಲ್ಲ ಒಬ್ಬ ಯುವಕ ಅಥವಾ ಯುವತಿಗೆ ಸಮಿತಿಯ ನಿರ್ಣಯದ ಮೂಲಕ ವಹಿಸಬಹುದು. ಅಧಿಕಾರ ಹಸ್ತಾಂತರದ ದಿನ ಬೀರುವಿನ ಬೀಗದ ಕೈ ಜೊತೆ ಈ ವಿವರಗಳನ್ನೂ ಕೊಡುವ ಪದ್ಧತಿ ಬರಬೇಕು.

ದಾನಿ ಕುಟುಂಬಗಳು ಕೇಳಬಹುದಾದದ್ದು

ಈ ಹೊಣೆ ಪದಾಧಿಕಾರಿಗಳದ್ದು ಮಾತ್ರವಲ್ಲ. ಸಮಾಜದ ಪ್ರತಿ ಕುಟುಂಬವೂ ವಾರ್ಷಿಕ ಸಭೆಯಲ್ಲಿ ವಿನಯದಿಂದ ನಾಲ್ಕು ವಿಷಯ ಕೇಳಬಹುದು. 12ಎಬಿ ಮತ್ತು 80ಜಿ ಪ್ರಮಾಣಪತ್ರಗಳ ಅವಧಿ ಯಾವಾಗ ಮುಗಿಯುತ್ತದೆ? ಕಳೆದ ವರ್ಷದ ಆಡಿಟ್ ವರದಿ, ಐಟಿಆರ್-7 ಸಲ್ಲಿಕೆಯಾಗಿದೆಯೇ? ಶೇ. 85 ಖರ್ಚಾಗಿದೆಯೇ, ಇಲ್ಲವಾದರೆ ಫಾರ್ಮ್ 10 ಹೋಗಿದೆಯೇ? ಮೂಲನಿಧಿ ಎಷ್ಟಿದೆ, ಎಲ್ಲಿದೆ?

ಇದನ್ನು ಕೇಳುವುದು ಅಪನಂಬಿಕೆಯಲ್ಲ. ಕೇಳುವವರಿದ್ದರೆ ಸೇವೆ ಮಾಡುವವರಿಗೂ ದಿನಾಂಕಗಳು ನೆನಪಿನಲ್ಲಿರುತ್ತವೆ. ದೇಣಿಗೆ ಕೊಡುವಾಗ ಪ್ಯಾನ್ ವಿವರ ಕೊಟ್ಟು, ಬ್ಯಾಂಕ್ ಮೂಲಕ ಕಳಿಸಿ, ಯಾವ ಉದ್ದೇಶಕ್ಕೆ ಎಂದು ಬರೆದುಕೊಟ್ಟರೆ ಖಜಾಂಚಿಯ ಅರ್ಧ ಕೆಲಸ ಹಗುರವಾಗುತ್ತದೆ. ಊರಲ್ಲಿ ಲೆಕ್ಕ, ಕಾನೂನು ಓದಿದ ಯುವಕ ಯುವತಿಯರಿದ್ದರೆ ವರ್ಷಕ್ಕೆ ಕೆಲವು ದಿನ ಬಸದಿಯ ಲೆಕ್ಕಕ್ಕೆ ಕೊಡಬಹುದು. ಹಿರಿಯರು ಬಿಟ್ಟುಹೋದ ಜಾಗ, ಭಕ್ತರು ಇಟ್ಟ ಶಾಶ್ವತ ಪೂಜೆಯ ಹಣ ಮುಂದಿನ ಪೀಳಿಗೆಗೂ ಹಾಗೆಯೇ ತಲುಪಬೇಕಾದರೆ ಇದೂ ಬಸದಿಯ ಸೇವೆಯೇ.

ಟ್ರಸ್ಟ್ ಪತ್ರದ ತಿದ್ದುಪಡಿ, ತಡವಾದ ನವೀಕರಣ, ರದ್ದತಿಯ ನೋಟಿಸ್ ಇಂಥ ಸಂದರ್ಭಗಳಲ್ಲಿ ಟ್ರಸ್ಟ್‌ಗಳ ಕೆಲಸ ಬಲ್ಲ ಚಾರ್ಟರ್ಡ್ ಅಕೌಂಟೆಂಟರ ಸಲಹೆ ಪಡೆದೇ ಮುಂದುವರಿಯಬೇಕು.